ನಾಲ್ಕು ತಂತಿಯ ತಗಾದೆ

"ಅವ್ವಾ, ನಂಗೊಂದು ಬೇಸ್ ಗಿಟಾರ್ ಬೇಕಾಗ್ಯದ."

ಕಲಬುರಗಿಯಲ್ಲಿ ಕಾಲೇಜು ಓದುವ ಮಗ ದೀಪಾವಳಿಗೆ ಊರಿಗೆ ಬಂದವನು ಹೀಗಂದಾಗ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಕಿಣ್ಣಿ ಸುಲ್ತಾನದಲ್ಲಿ ಮಳೆ, ತೊಗರಿ ರೇಟು, ಮದುವೆ ಇವೇ ಮಾತು. ಗಿಟಾರ್ ಅಂದರೆ ಸಿನಿಮಾ ನಾಯಕನ ಹೆಗಲ ಮೇಲಿನ ಸಾಮಾನೆಂದಷ್ಟೇ ನನಗೆ ಗೊತ್ತು.

"ಅದು ಬ್ಯಾರೆ, ಇದು ಬ್ಯಾರೆ ಅವ್ವಾ" ಎಂದು ಮೊಬೈಲಿನಲ್ಲಿ ತೋರಿಸಿದ. ಮಾಮೂಲಿ ಗಿಟಾರಿಗೆ ಆರು ತಂತಿ. ಇದಕ್ಕೆ ನಾಲ್ಕೇ, ಆದರೆ ದಪ್ಪ, ಉದ್ದ. ದನಿ ಬಹಳ ತಗ್ಗು. ಮೊದಲು ಈ ದನಿಗಾಗಿ ಆಳೆತ್ತರದ ಪಿಟೀಲಿನಂಥ ವಾದ್ಯ ಹೊತ್ತು ತಿರುಗಬೇಕಿತ್ತಂತೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಕರೆಂಟಿನ ಬೇಸ್ ಗಿಟಾರ್ ಮಾರಾಟಕ್ಕೆ ತಂದ ಮೇಲೆ ಎಲ್ಲ ಕಡೆ ಅದೇ ಬಳಕೆಗೆ ಬಂತು.

ಸಂತೆಗೆ ಹೊರಟಾಗಿನಂತೆ ನಾನು ಲೆಕ್ಕ ಹಾಕಿದೆ. ನಷ್ಟವೇ ಮೊದಲು. ಬೆಲೆ ಎರಡು ಕ್ವಿಂಟಲ್ ತೊಗರಿಯಷ್ಟು. ಅಷ್ಟಕ್ಕೂ ಮುಗಿಯದು, ಆಂಪ್ಲಿಫೈಯರ್ ಇಲ್ಲದಿದ್ದರೆ ಅದು ಹೆಚ್ಚುಕಡಿಮೆ ಮೂಕ. ಆಂಪ್ಲಿಫೈಯರಿಗೆ ಕರೆಂಟು ಬೇಕು. ನಮ್ಮ ಮನೆಯ ಕರೆಂಟೋ, ಹೇಳಿ ಹೋಗುವುದಿಲ್ಲ, ಕೇಳಿ ಬರುವುದಿಲ್ಲ. ತೂಕ ಸುಮಾರು ನಾಲ್ಕು ಕಿಲೋ. ಕಲಿಯುವಾಗ ಬೆರಳಿಗೆ ಬೊಬ್ಬೆ. ಒಬ್ಬನೇ ಕೂತು ಬಾರಿಸಿದರೆ ಹಾಡೆಂದು ಅನ್ನಿಸುವುದೂ ಕಷ್ಟ.

ಲಾಭವೂ ಇಲ್ಲದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಿದರೆ ಮಾವನವರ ನಿದ್ದೆಗೆ ಭಂಗವಿಲ್ಲ. ತಂತಿ ದಪ್ಪವಾದ್ದರಿಂದ ಬೇಗ ಹರಿಯುವುದಿಲ್ಲ. ಮುಂದೆ ನಿಂತು ಮೆರೆಯುವವರು ಕಾಲೇಜಿನಲ್ಲಿ ಬೇಕಾದಷ್ಟಿದ್ದಾರೆ, ಬೇಸ್ ಬಾರಿಸುವವರೇ ಇಲ್ಲವಂತೆ.

ಆದರೆ ಹಣ? ಕಡಕ್ ರೊಟ್ಟಿ ಮಾರಿ ಮೂರು ವರ್ಷ ಕೂಡಿಟ್ಟದ್ದು ನನ್ನಲ್ಲಿತ್ತು. ಹೊಲಿಗೆ ಮಷೀನು ತುಳಿದು ತುಳಿದು ಮೊಣಕಾಲು ಸೋತಿದೆ, ಮೋಟಾರಿನ ಮಷೀನು ಕೊಳ್ಳಬೇಕೆಂದಿದ್ದೆ. "ಹುಚ್ಚೇನು ನಿನಗ?" ಎಂದು ನಮ್ಮನೆಯವರು ನನ್ನನ್ನೇ ಗದರಿದರು.

ಅದೇ ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆ. ಕಡಕೋಳ ಮಡಿವಾಳಪ್ಪನವರ ತತ್ವಪದ ನಡೆದಿತ್ತು. ಮಾವನವರು ಎಂದಿನಂತೆ ಮೂಲೆಯಲ್ಲಿ ಕೂತು ಏಕತಾರಿ ಮೀಟುತ್ತಿದ್ದರು. ನಡುವೆ ಕೆಮ್ಮು ಬಂದು ಕೈ ನಿಂತಿತು. ಆ ಕ್ಷಣವೇ ಹಾಡುವವರ ದನಿ ತೂರಾಡಿತು! ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದರೂ ಏಕತಾರಿ ನನಗೆ ಕೇಳಿಸಿದ್ದು ಅದು ನಿಂತಾಗಲೇ. ಮನೆಗೆ ಬಂದು ಹೇಳಿದೆ. ಮಾವ ನಕ್ಕು, "ಹಂಗಾದ್ರ ಅವನ ಗಿಟಾರು ನನ್ನ ಏಕತಾರಿಯ ತಮ್ಮ ಆಯ್ತು ನೋಡವ್ವಾ" ಎಂದರು. ಅಡಿಗೆಮನೆಯಲ್ಲಿ ಬದುಕು ಕಳೆದ ನನಗೆ ಅಂಥ ಕೆಲಸದ ಬೆಲೆ ತಿಳಿಯದೇ?

ಆದರೂ ಪೂರ್ತಿ ಸೋಲಲಿಲ್ಲ. ಹಳೆಯದು ಸಿಕ್ಕರೆ ಸಾಕು, ಆಂಪ್ಲಿಫೈಯರ್ ಈಗ ಬೇಡ, ಅರ್ಧ ಹಣ ನನ್ನದು, ಉಳಿದರ್ಧ ಅವನ ದುಡಿಮೆಯದು ಎಂದೆ. ತೊಗರಿ ರಾಶಿಯ ಕಾಲಕ್ಕೆ ಬಂದು ಮಂದಿಯ ಹೊಲದಲ್ಲಿ ಕೂಲಿ ಮಾಡಿದ. ಸಂಕ್ರಾಂತಿ ಕಳೆದ ಮೇಲೆ ಗಿಟಾರ್ ಬಂತು.

ಅಕ್ಕತಂಗಿಯರೇ, ನಾನು ಮಾಡಿದ್ದು ಸರಿಯೋ ತಪ್ಪೋ, ನೀವೇ ಹೇಳಿ. ಮೋಟಾರಿನ ಮಷೀನು ಯುಗಾದಿಗಲ್ಲದಿದ್ದರೆ ಮುಂದಿನ ದೀಪಾವಳಿಗೆ ನೋಡೋಣ. ಸದ್ಯಕ್ಕೆ ಕಾಲಿನಿಂದಲೇ ತುಳಿಯುತ್ತಿದ್ದೇನೆ. ಮಗ ಊರಿಗೆ ಬಂದಾಗ ಅದರ ಟಕಟಕ ಲಯಕ್ಕೇ ನಾಲ್ಕು ತಂತಿ ಹೊಂದಿಸುತ್ತಾನೆ.