ಹೂವು ಹಗುರ, ಕುಂಬಳಕಾಯಿ ಭಾರ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನಲ್ಲಿ ಆಕಾಶಮಲ್ಲಿಗೆ ಉದುರುವ ಕಾಲ. ರಾತ್ರಿ ಅರಳಿದ ಬಿಳಿ ಹೂವು ಬೆಳಗಾಗುವಷ್ಟರಲ್ಲಿ ಫುಟ್‌ಪಾತ್ ತುಂಬ ಚೆಲ್ಲಿರುತ್ತೆ. ಬಸ್ಸಿಗೆ ಕಾಯುವ ನಮಗೆ ಅದು ಸ್ಟೇಟಸ್‌ಗೆ ಹಾಕುವ ಫೋಟೊ. ಅಷ್ಟೊತ್ತಿಗಾಗಲೇ ಹಾಜರಿ ಹಾಕಿ ಬೀದಿಗಿಳಿದ ಪೌರಕಾರ್ಮಿಕರಿಗೆ ದಿನದ ಮೊದಲ ಕೆಲಸ.

ನಾನು ಬಸ್ ಹತ್ತುವ ಬನಶಂಕರಿಯ ಸ್ಟಾಪ್ ಹತ್ತಿರ ಒಬ್ಬ ಅಕ್ಕ ಗುಡಿಸುತ್ತಾರೆ. ಸೀರೆ ಮೇಲೊಂದು ಕೋಟು, ಉದ್ದ ಕೋಲಿಗೆ ಕಟ್ಟಿದ ಕಡ್ಡಿಪೊರಕೆ. ದಿನಾ ನೋಡ್ತಾ ನೋಡ್ತಾ ಆ ಕೆಲಸಕ್ಕೂ ಒಂದು ಲೆಕ್ಕವಿದೆ ಅಂತ ಗೊತ್ತಾಯ್ತು. ಒಣ ಎಲೆಯಾದರೆ ಪೊರಕೆ ಸಲೀಸಾಗಿ ಆಡುತ್ತೆ. ರಾತ್ರಿ ಮಳೆ ಬಂದಿದ್ದರೆ ಹೂವು ಟಾರಿಗೆ ಅಂಟಿಕೊಂಡಿರುತ್ತೆ. ಒಂದೇ ಜಾಗವನ್ನು ಮೂರ್ನಾಲ್ಕು ಸಲ ಕೆರೆಯಬೇಕು. ಚಿಕ್ಕ ಚಿಕ್ಕ ಗುಡ್ಡೆ ಮಾಡಿ, ಬಸ್ಸಿನ ಗಾಳಿಗೆ ಹಾರುವ ಮೊದಲೇ ತಳ್ಳುಗಾಡಿಗೆ ತುಂಬಬೇಕು.

ಆಯುಧಪೂಜೆಯ ರಜೆ ಮುಗಿದ ಬೆಳಿಗ್ಗೆ ಮಾತ್ರ ಈ ಲೆಕ್ಕ ತಲೆಕೆಳಗು. ಎಂದಿನಂತೆ ಅಂಚಿನಿಂದ ಶುರು ಮಾಡದೆ, ಅಕ್ಕ ನೇರ ರಸ್ತೆ ಮಧ್ಯಕ್ಕೆ ಹೋದರು. ಒಂದು ಕೈಯೆತ್ತಿ ಬೈಕ್‌ಗಳನ್ನು ತಡೆಯುತ್ತಾ, ಇನ್ನೊಂದು ಕೈಯಲ್ಲಿ ಕುಂಕುಮ ಮೆತ್ತಿದ ಬೂದುಗುಂಬಳದ ಹೋಳುಗಳನ್ನು ಎತ್ತತೊಡಗಿದರು.

“ಮೊದಲು ಅದನ್ನೇ ಯಾಕಕ್ಕಾ?” ಅಂತ ಕೇಳಿದೆ.

“ಯಾರಾದ್ರೂ ಜಾರಿ ಬಿದ್ರೆ ಏನ್ ಮಾಡೋದು? ಹೂವಾದ್ರೆ ಪರವಾಗಿಲ್ಲಮ್ಮ, ಹಗುರ. ಕುಂಬಳಕಾಯಿ ತುಂಬಿದ್ರೆ ಗಾಡಿ ತಳ್ಳೋಕೇ ಆಗಲ್ಲ. ಒಡೀಬೇಡಿ ಅನ್ನಲ್ಲ. ಒಡೆದ ಮೇಲೆ ಪಕ್ಕಕ್ಕೆ ಎತ್ತಿಟ್ರೆ ಸಾಕು.”

ಅವತ್ತಿಡೀ ಆ ಮಾತು ತಲೆಯಲ್ಲೇ ಇತ್ತು. ನಮ್ಮ ಗಾಡಿಯ ದೃಷ್ಟಿ ತೆಗೆದು ರಸ್ತೆಗೆ ಹಾಕ್ತೀವಿ. ದೃಷ್ಟಿ ತೆಗೆದದ್ದನ್ನು ದಾಟಬಾರದು, ತುಳಿಯಬಾರದು ಅಂತ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡ್ತೀವಿ. ಅದನ್ನು ಬರಿಗೈಯಲ್ಲಿ ಎತ್ತುವವರ ಬಗ್ಗೆ ಮಾತ್ರ ನಮಗೆ ಯಾರೂ ಏನೂ ಹೇಳಿಕೊಟ್ಟಿಲ್ಲ.

2022ರ ಜುಲೈನಲ್ಲಿ ನಗರದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ, ಕಾಯಂ ಮಾಡಿ ಅಂತ ಫ್ರೀಡಂ ಪಾರ್ಕ್‌ನಲ್ಲಿ ಕೂತಿದ್ದರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನರಿಗೆ ನೇಮಕಾತಿ ಪತ್ರ ಸಿಕ್ಕಿತು. ಅದು ಸರ್ಕಾರ ಮಾಡಬೇಕಾದ ಕೆಲಸ. ನಮ್ಮ ಪಾಲಿನದು ಬಹಳ ಸಣ್ಣದು. ಕಾಯಿ ಒಡೆದ ಮೇಲೆ ಎರಡು ನಿಮಿಷ ನಿಂತು ಹೋಳುಗಳನ್ನು ಪಕ್ಕಕ್ಕೆ ಎತ್ತಿಡೋದು, ಬಾಳೆಕಂದನ್ನು ಚರಂಡಿಗೆ ಎಸೆಯದಿರೋದು.

ದೀಪಾವಳಿ ಹತ್ತಿರ ಬಂತು. ಪಟಾಕಿ ಹೊಡೆದು ಮುಗಿದ ಮೇಲೆ, ಮನೆಯ ಪೊರಕೆಯನ್ನು ಐದು ನಿಮಿಷ ಗೇಟಿನ ಆಚೆಗೂ ತನ್ನಿ.