ಚೀಟಿ ತೊಳೆದುಹೋದ ಸಸಿಗಳು

ಮೇ ತಿಂಗಳು ಬಂತೆಂದರೆ ನಮ್ಮ ಅಂಕೋಲೆಯ ಹೆದ್ದಾರಿಯ ಬದಿಯಲ್ಲಿ ಹಾಲಕ್ಕಿ ಹೆಂಗಸರು ಇಷಾಡು ಮಾವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ತಿಳಿದವರು ವಾಹನ ನಿಲ್ಲಿಸಿ ಮೊದಲು ಕೇಳುವುದು ಒಂದೇ ಮಾತು: "ಕರಿಯೋ, ಬಿಳಿಯೋ?" ಕರಿ ಇಷಾಡಿನ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಬಿಳಿಯದರ ಸಿಪ್ಪೆ ದಪ್ಪ, ಸಿಹಿ ಕಡಿಮೆ. 2023ರಲ್ಲಿ ಅಂಕೋಲೆಯ ಕರಿ ಇಷಾಡಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಹಣ್ಣಾದರೆ ಮೂಸಿ, ತಿಂದು ಹೇಳಬಹುದು. ಒಂದು ಅಡಿ ಎತ್ತರದ ಕಸಿ ಸಸಿಯನ್ನು ನೋಡಿ ಹೇಳುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನದ ಮಾಸ್ತರನಾದ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೇನೆ.

2015ರ ಮಳೆಗಾಲದಲ್ಲಿ ಶಾಲೆಯ ಹಿತ್ತಿಲಲ್ಲಿ ಮಕ್ಕಳಿಗೆ ಕಸಿ ಕಟ್ಟುವುದನ್ನು ಕಲಿಸಿದೆ. ಗೊರಟು ಮೊಳೆತು ಎರಡು ವಾರವಾದ, ಇನ್ನೂ ತಾಮ್ರದ ಬಣ್ಣದಲ್ಲಿರುವ ಸಸಿಯ ತಲೆ ಕತ್ತರಿಸಿ, ಸೀಳಿ, ತಾಯಿಮರದಿಂದ ತಂದ ಕಡ್ಡಿಯನ್ನು ಬೆಣೆಯಂತೆ ಚೂಪು ಮಾಡಿ ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಅರವತ್ತು ಸಸಿ ಬದುಕಿದವು. ಕರಿಯದಕ್ಕೂ ಬಿಳಿಯದಕ್ಕೂ ಮಕ್ಕಳು ಶಾಯಿಯಲ್ಲಿ ಚೀಟಿ ಬರೆದು ಕಟ್ಟಿದರು. ಮರುವರ್ಷ ಜೂನ್‌ನಲ್ಲಿ ಹಂಚಬೇಕೆನ್ನುವ ಹೊತ್ತಿಗೆ ಮೊದಲ ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಚೀಟಿಗಳೆಲ್ಲ ನೀಲಿ ಮುದ್ದೆ.

ಪಾಲಕರು ಬಂದು ಕಾಯುತ್ತಿದ್ದರು. ನಾನು ಎಲೆ ನೋಡಿ, ನೆನಪು ಕೆದಕಿ, ಅಂದಾಜಿನಲ್ಲಿ ಹೊಸ ಚೀಟಿ ಬರೆಯತೊಡಗಿದೆ. ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: "ಸರ್, ಗೊತ್ತಿಲ್ಲ ಅಂತ ಬರೆಯಬಹುದಲ್ಲ?" ಅಷ್ಟು ಜನರ ಎದುರು ನನಗೆ ನಾಚಿಕೆಯಾಯಿತು. "ನಿನ್ನ ಕೆಲಸ ನೋಡು" ಎಂದು ಗದರಿಸಿದೆ.

2022ರ ಮೇ ತಿಂಗಳಲ್ಲಿ ಅವರ್ಸಾ ಕಡೆಯ ಒಬ್ಬ ಪಾಲಕರು ಚೀಲದಲ್ಲಿ ನಾಲ್ಕು ಹಣ್ಣು ಹಿಡಿದು ಮನೆಗೆ ಬಂದರು. "ಮಾಸ್ತರೇ, ನೀವು ಕೊಟ್ಟ ಕರಿ ಇಷಾಡು. ತಿಂದು ನೋಡಿ." ದಪ್ಪ ಸಿಪ್ಪೆ ಕಂಡಾಗಲೇ ತಿನ್ನುವ ಅಗತ್ಯ ಉಳಿಯಲಿಲ್ಲ. ಅವರು ಜಗಳಕ್ಕೆ ಬಂದವರಲ್ಲ. "ಅಂಗಳದಲ್ಲಿ ಇರುವುದೇ ಎರಡು ಗಿಡದ ಜಾಗ. ಆರು ವರ್ಷ ನೀರು ಹೊಯ್ದೆ" ಎಂದರು, ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು. ನಡೆದದ್ದನ್ನು ಒಪ್ಪಿಕೊಂಡೆ. ಕೊಂಬೆ ಕಡಿಸಿ, ಹೊಸ ಚಿಗುರಿಗೆ ನಾನೇ ಹೋಗಿ ಕರಿ ಇಷಾಡಿನ ಕಸಿ ಕಟ್ಟಿಬಂದೆ. ಅದು ಫಲ ಕೊಟ್ಟದ್ದು 2025ರಲ್ಲಿ. ನನ್ನ ಐದು ನಿಮಿಷದ ಮರ್ಯಾದೆಗೆ ಅವರು ತೆತ್ತ ಬೆಲೆ ಒಂಬತ್ತು ವರ್ಷ.

2024ರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಒಂದು ನೋಟ್‌ಬುಕ್ ತಂದರು. ಕಾರವಾರದ ದಾರಿಯಲ್ಲಿ ಅವರದೊಂದು ನರ್ಸರಿ. ಗೋವೆಯ ಸಗಟು ವ್ಯಾಪಾರಿಯೊಬ್ಬರು ಸಸಿಗಳ ಪಟ್ಟಿ ಕೇಳಿದ್ದರು. ತಮ್ಮಲ್ಲಿ ಇಲ್ಲದ್ದನ್ನು ಸುತ್ತಲಿನ ಹಳ್ಳಿಗಳ ಸಣ್ಣ ಬೆಳೆಗಾರರಿಂದ ಇವರು ಒಟ್ಟು ಮಾಡುತ್ತಿದ್ದರು. "ಮಾವು 400, ಮುರುಗಲು 300, ಕಾಳುಮೆಣಸು 1000. ಚಂದ ಅಕ್ಷರದಲ್ಲಿ ಬರೆದುಕೊಡಿ ಮಾಸ್ತರೇ" ಎಂದರು.

ಇದು ಪಟ್ಟಿಯಲ್ಲ, ಬರೀ ಲೆಕ್ಕ ಎಂದೆ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬಂದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತವೆ. ಅದು ತಿಳಿಯುವುದು ಎಷ್ಟೋ ವರ್ಷದ ಮೇಲೆ, ಹೂ ಬಿಟ್ಟಾಗ. ಆದ್ದರಿಂದ ಬೀಜದ ಸಸಿಯೋ, ಹೆಣ್ಣು ಮರದ ಕಸಿಯೋ ಎಂದು ಬರೆಯಲೇಬೇಕು. ಕಾಳುಮೆಣಸಿನ ಬುಡದಲ್ಲಿ ಹರಿಯುವ ಬಳ್ಳಿಯನ್ನು ನೆಟ್ಟರೆ ಮರ ಹತ್ತುತ್ತದೆ. ಕಾಳು ಬಿಡುವ ಅಡ್ಡ ಕೊಂಬೆಯನ್ನು ನೆಟ್ಟರೆ ಹತ್ತದೆ ಪೊದೆಯಾಗುತ್ತದೆ. ತಳಿ ಒಂದೇ ಆದರೂ ಗಿಡದ ನಡತೆ ಎರಡು ಬಗೆ. ನಮ್ಮ ದೇಶದ ಹೆಚ್ಚಿನ ಹೆಸರಾಂತ ಮಾವಿನ ತಳಿಗಳು ಗೊರಟಿನಿಂದ ತಾಯಿಯಂತೆಯೇ ಹುಟ್ಟುವುದಿಲ್ಲ. ಹೀಗಾಗಿ ಹೊಸ ಪಟ್ಟಿಯಲ್ಲಿ ಸಸಿಯ ಹೆಸರು, ತಳಿ, ಬೀಜವೋ ಕಸಿಯೋ, ತಾಯಿಮರ ಎಲ್ಲಿಯದು, ಕಸಿ ಕಟ್ಟಿದ ತಿಂಗಳು, ಸಂಖ್ಯೆ ಎಂದು ಆರು ಕಲಮು ಎಳೆದೆವು. ಚೀಟಿಗೆ ಶಾಯಿ ಬೇಡ, ಪೆನ್ಸಿಲ್ ಸಾಕು ಎಂದೆ. ಪೆನ್ಸಿಲ್ಲಿನ ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ.

ಒಬ್ಬ ಬೆಳೆಗಾರರ ನಲವತ್ತು ಮಾವಿನ ಸಸಿಗೆ ಚೀಟಿಯೇ ಇರಲಿಲ್ಲ. "ಕರಿ ಅಂತಲೇ ಹಾಕಿ, ಎಲೆ ಹಾಗೇ ಕಾಣ್ತದೆ" ಎಂದರು. ನನಗೆ ಆ ಹುಡುಗಿಯ ದನಿ ಕೇಳಿಸಿದಂತಾಯಿತು. 'ತಳಿ ಗೊತ್ತಿಲ್ಲ' ಎಂದು ಬರೆದೆ. ವ್ಯಾಪಾರಿ ಉಳಿದದ್ದನ್ನೆಲ್ಲ ಒಯ್ದರು, ಆ ನಲವತ್ತನ್ನು ಬಿಟ್ಟರು. ಬೆಳೆಗಾರರು ಕೆಲವು ದಿನ ನನ್ನೊಡನೆ ಮಾತಾಡಲಿಲ್ಲ. ಬಡವನ ಹೊಟ್ಟೆಯ ಮೇಲೆ ಹೊಡೆದೆನೇ ಎಂದು ನನಗೂ ನಿದ್ದೆ ಬರಲಿಲ್ಲ. ಮರುವರ್ಷ ಅವರೇ ಗುರುತು ಹಾಕಿದ ಮರದಿಂದ ಕಡ್ಡಿ ತಂದು, ಚೀಟಿ ಕಟ್ಟಿಯೇ ಸಸಿ ತಂದರು.

ನಮ್ಮ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೀವು ಬಲ್ಲಿರಿ. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸೇರಿ ದಶಕಗಳ ಕಾಲ ಸಸಿ ಬೆಳೆಸಿದರು. ಯಾವ ಬೀಜಕ್ಕೆ ಯಾವ ತಾಯಿಮರ ಎನ್ನುವುದು ಅವರ ತಲೆಯಲ್ಲಿತ್ತು. 2021ರ ನವೆಂಬರ್‌ನಲ್ಲಿ ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ನಮ್ಮಂಥವರು ಬರೆದಿಡಬೇಕು.

ಈಗ ನನ್ನ ತರಗತಿಯ ಪ್ರಯೋಗದ ವಹಿಗಳಲ್ಲಿ 'ಗೊತ್ತಿಲ್ಲ' ಎಂದು ಬರೆದ ಮಕ್ಕಳಿಗೆ ನಾನು ಅಂಕ ಕಳೆಯುವುದಿಲ್ಲ. ಪಾಲಕರೇ, ಮನೆಯಲ್ಲಿ ನೀವೂ ಕಳೆಯಬೇಡಿ.