ಹಂಗಿಲ್ಲದ ಋಣ

ನಮ್ಮ ಅಜ್ಜ ವಾರಾನ್ನದಲ್ಲಿ ಓದಿದವರು. ಸಾಗರದ ಆಚೆಯ ಹಳ್ಳಿಯಿಂದ ಹೈಸ್ಕೂಲಿಗೆಂದು ಶಿವಮೊಗ್ಗಕ್ಕೆ ಬಂದಾಗ ಹೊಟ್ಟೆಗೆ ದಾರಿಯಿರಲಿಲ್ಲ. ಊರ ಕಡೆಯ ಹಿರಿಯರೊಬ್ಬರು ಕರೆದುಕೊಂಡು ಹೋಗಿ ಏಳು ಮನೆ ಗೊತ್ತುಮಾಡಿಕೊಟ್ಟರು. ದಿನಕ್ಕೊಂದು ಮನೆ, ವಾರಕ್ಕೊಂದು ಸುತ್ತು. ಎಂಬತ್ತು ದಾಟಿದ ಮೇಲೂ ಅಜ್ಜನ ಬಾಯಲ್ಲಿ ಆ ಮನೆಗಳಿಗೆ ಯಜಮಾನರ ಹೆಸರಿರಲಿಲ್ಲ, ವಾರದ ಹೆಸರೇ. “ಗುರುವಾರದ ಮನೆ ಅಮ್ಮ ಮಾಡ್ತಿದ್ದ ಗೊಜ್ಜು” ಎಂದು ಅವರು ಶುರುಮಾಡಿದರೆ ನಮಗೂ ಬಾಯಲ್ಲಿ ನೀರೂರುತ್ತಿತ್ತು. ಆ ಅಮ್ಮ ಅಜ್ಜನನ್ನು ತಮ್ಮ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ, ಮಕ್ಕಳಿಗೆ ಹಾಕಿದಷ್ಟೇ ತುಪ್ಪ ಹಾಕುತ್ತಿದ್ದರಂತೆ. ಹಬ್ಬ ಯಾವ ವಾರ ಬಂದರೂ ಹೋಳಿಗೆಗೆ ಅಲ್ಲಿಗೇ ಬರಬೇಕೆಂದು ಕಟ್ಟಪ್ಪಣೆ. ಮಂಗಳವಾರದ ಮನೆಯಲ್ಲೂ ಊಟಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಎಲೆ ಹಾಕುವ ಮೊದಲು ಪರೀಕ್ಷೆಯ ಅಂಕ ಒಪ್ಪಿಸಬೇಕು, ಬಾವಿಯಿಂದ ನೀರು ಸೇದಿ ಹಂಡೆ ತುಂಬಬೇಕು, ಮನೆಗೆ ಯಾರೇ ಬರಲಿ “ಈ ಹುಡುಗ ನಮ್ಮಲ್ಲೇ ಉಂಡು ಓದೋದು” ಎಂಬ ಪರಿಚಯ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು.

ಕೆಲಸಕ್ಕೆ ಸೇರಿದ ಮೇಲೆ ಅಜ್ಜ ಮಂಗಳವಾರದ ಮನೆಗೆ ವರ್ಷ ತಪ್ಪದೆ ಅಡಿಕೆ ಕಳಿಸಿದರು. ಗುರುವಾರದ ಮನೆಗೆ ಏನನ್ನೂ ಕಳಿಸಲಿಲ್ಲ. ತಾವೇ ಹೋಗುತ್ತಿದ್ದರು, ಕೂತು ಉಂಡು ಬರುತ್ತಿದ್ದರು. ಎರಡೂ ಕೃತಜ್ಞತೆಯೇ. ಒಂದರಲ್ಲಿ ಬೇಗ ಋಣ ಹರಿದುಕೊಳ್ಳಬೇಕೆಂಬ ತವಕವಿತ್ತು, ಇನ್ನೊಂದು ಋಣ ಹರಿಯದಿರಲಿ ಎಂದೇ ಅಜ್ಜನ ಆಸೆ. ಕೊಟ್ಟದ್ದು ಎರಡು ಕಡೆಯೂ ಅದೇ ಅನ್ನ. ಅದರ ಜೊತೆಗೆ ಹಂಗನ್ನೂ ಬಡಿಸಿದರೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ಆ ಏಳು ಮನೆಗಳ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಜಾತಿ ನೋಡಿಯೇ ವಾರ ಗೊತ್ತಾಗುತ್ತಿತ್ತು. ಹೊರಗುಳಿದ ಮಕ್ಕಳಿಗೆ ಬೇರೆಯವರೇ ಬಾಗಿಲು ತೆಗೆಯಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಸಂಸ್ಥೆಯನ್ನೇ ಕಟ್ಟಿದರು, ಶಾಲೆ ತೆರೆದರು, ತಮ್ಮ ಜಾತಿಯವರಿಂದ ಬಹಿಷ್ಕಾರ ಉಂಡರು. ತಾನು ಓದಿಸಿದ ಮಕ್ಕಳು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡುವಾಗ ಆ ಚಕ್ರದ ಧೂಳು ತನ್ನ ತಲೆಗೆ ತಾಗಿದರೆ ಸಾಕು ಎಂದು ಅವರು ಬಯಸಿದ್ದರೆಂಬುದು ಕರಾವಳಿಯಲ್ಲಿ ಮನೆಮಾತು. ನಮಸ್ಕಾರ ಬೇಕೆನ್ನಲಿಲ್ಲ, ಧೂಳು ಸಾಕೆಂದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲ್ ಇರದಿದ್ದರೆ ಕವಿ ಸಿದ್ದಲಿಂಗಯ್ಯನವರ ಓದು ಎಲ್ಲಿಗೆ ನಿಲ್ಲುತ್ತಿತ್ತೋ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ ಇಕ್ಕಿದರು. ಅಷ್ಟು ದೊಡ್ಡ ಪಂಕ್ತಿಯಲ್ಲಿ ಕೂತು ಉಂಡ ಹುಡುಗನನ್ನು “ನಮ್ಮಲ್ಲೇ ಉಂಡವನು” ಎಂದು ನಾಲ್ಕು ಜನರ ಮುಂದೆ ತೋರಿಸಲು ಯಾರಿಗೂ ಆಗುವುದಿಲ್ಲ. ಅದೇ ಆ ಪಂಕ್ತಿಯ ದೊಡ್ಡಸ್ತಿಕೆ.

ಆದರೂ ಅನ್ನಕ್ಕೆ ಒಂದು ಮಠ, ಒಂದು ಮನೆ, ಒಂದು ಹೆಸರು ಅಂಟಿಕೊಂಡೇ ಇರುತ್ತದೆ. ಆ ಹೆಸರೂ ಇಲ್ಲದ ದಾನವನ್ನು ನಾನು ಕಣ್ಣಾರೆ ಕಂಡದ್ದು ಅಕ್ಕನ ಹೆರಿಗೆಯ ರಾತ್ರಿ.

ಒಳಗೆ ಮಗು ಅತ್ತದ್ದು ಕೇಳಿಸಿತು. ಅಮ್ಮ ಕೈಮುಗಿದಳು, ಭಾವ ಊರಿಗೆ ಫೋನು ಹಚ್ಚಿದರು. ಅವರ ಮಾತು ಮುಗಿಯುವ ಮೊದಲೇ ನರ್ಸ್ ಓಡಿಬಂದು ಚೀಟಿ ಕೊಟ್ಟರು. ರಕ್ತಸ್ರಾವ ನಿಲ್ಲುತ್ತಿಲ್ಲ, ತಕ್ಷಣ ರಕ್ತ ಬೇಕು. ಬಾಣಂತಿಯರ ಸಾವಿಗೆ ಇವತ್ತಿಗೂ ದೊಡ್ಡ ಕಾರಣ ಇದೇ, ಮತ್ತು ಇದು ಹೆಚ್ಚು ಹೊತ್ತು ಕೊಡುವುದಿಲ್ಲ. ನಾನೂ ಭಾವನೂ ರಕ್ತನಿಧಿಗೆ ಓಡಿದೆವು. “ನನ್ನದೇ ತಗೊಳ್ಳಿ” ಎಂದು ಭಾವ ಅಂಗಿಯ ತೋಳು ಮಡಚಿದರು. ಅಲ್ಲಿದ್ದ ಹುಡುಗ ಸಮಾಧಾನವಾಗಿ, “ಸಾರ್, ಈಗ ಕೊಟ್ಟಿದ್ದು ಈಗಲೇ ಹಾಕೋಕೆ ಬರಲ್ಲ, ಎಲ್ಲಾ ಟೆಸ್ಟ್ ಆಗ್ಬೇಕು. ರೆಡಿ ಇರೋದನ್ನ ಕೊಡ್ತೀವಿ, ಕೂತ್ಕೊಳ್ಳಿ” ಎಂದ. ಅಕ್ಕನ ರಕ್ತದ ಜೊತೆ ಹೊಂದಿಸಿ ನೋಡಿ, ಫ್ರಿಜ್ಜಿನಿಂದ ತೆಗೆದ ಚೀಲವನ್ನು ಕೊಟ್ಟರು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದವಳು ನಾನೇ. ಚೀಲ ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಮೇಲೊಂದು ಚೀಟಿ: ಬಿ ಪಾಸಿಟಿವ್, ಒಂದು ಉದ್ದ ಸಂಖ್ಯೆ, ಸಂಗ್ರಹಿಸಿದ ದಿನ, ಅವಧಿ ಮುಗಿಯುವ ದಿನ. ಕೊಟ್ಟವರ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಸಂಗ್ರಹಿಸಿದ ತಾರೀಕು ಅಕ್ಕನ ಸೀಮಂತ ಆದ ವಾರದ್ದು. ನಾವು ಮನೆ ತುಂಬ ನೆಂಟರನ್ನು ಕರೆದು, ಅಕ್ಕನಿಗೆ ಬಳೆ ತೊಡಿಸಿ, ಬಯಕೆಯ ಊಟ ಹಾಕಿದ ಆ ವಾರ, ನಮಗೆ ಗೊತ್ತೇ ಇಲ್ಲದ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಮಲಗಿ ತೋಳು ಚಾಚಿದ್ದರು. ಅಕ್ಕನಿಗೆ ಆಪತ್ತು ಬರುವ ಮೊದಲೇ ಅವರು ಕೊಟ್ಟು ಎದ್ದು ಹೋಗಿಯಾಗಿತ್ತು. ಬೆಳಗಿನ ಜಾವ ಅಕ್ಕನ ತುಟಿಗೆ ಬಣ್ಣ ತಿರುಗಿತು. ಅಮ್ಮ ಅವಳ ತಲೆ ನೇವರಿಸುತ್ತ, “ಯಾರ ಮನೆ ಮಗನೋ ಮಗಳೋ, ಅವರ ಹೊಟ್ಟೆ ತಣ್ಣಗಿರಲಿ” ಎಂದಳು. ಹರಕೆ ದೇವರಿಗೆ ಸಲ್ಲುತ್ತದೆ, ಫೀಸು ಡಾಕ್ಟರಿಗೆ ಸಲ್ಲುತ್ತದೆ. ಅಮ್ಮನ ಆ ಮಾತಿಗೆ ಮಾತ್ರ ವಿಳಾಸವಿರಲಿಲ್ಲ. ಅಷ್ಟು ಮನಸಾರೆ ಅವಳು ಬೇರೆ ಯಾರನ್ನೂ ಹರಸಿದ್ದು ನಾನು ಕೇಳಿಲ್ಲ.

ಆಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ಓದಿದೆ, ರಕ್ತನಿಧಿಯವರನ್ನು ಕೇಳಿದೆ. ಎ, ಬಿ, ಓ ಎಂಬ ಗುಂಪುಗಳಿವೆ ಎಂದು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಡುವವರೆಗೆ ಒಬ್ಬರ ರಕ್ತ ಇನ್ನೊಬ್ಬರಿಗೆ ಹಾಕಿದರೆ ಬದುಕುವುದೂ ಸಾಯುವುದೂ ಅದೃಷ್ಟದ ಮಾತಾಗಿತ್ತು. ಅವರು ಹುಟ್ಟಿದ ಜೂನ್ 14 ಈಗ ವಿಶ್ವ ರಕ್ತದಾನಿಗಳ ದಿನ. ಒಬ್ಬರು ಕೊಟ್ಟ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡುತ್ತಾರೆ. ಕೆಂಪುಕಣ ಐದಾರು ವಾರ ಬಾಳುತ್ತದೆ, ಪ್ಲೇಟ್‌ಲೆಟ್‌ಗೆ 5 ದಿನವಷ್ಟೇ ಆಯುಸ್ಸು. ಹಾಗಾಗಿ ಒಂದೇ ಚೀಲದ ಕೆಂಪುಕಣ ಬಾಣಂತಿಗೂ, ಪ್ಲೇಟ್‌ಲೆಟ್ ಡೆಂಗಿ ಜ್ವರದವರಿಗೂ, ಪ್ಲಾಸ್ಮಾ ಸುಟ್ಟಗಾಯದವರಿಗೂ ಹೋಗಬಹುದು. ಆ ಮೂವರೂ ಒಬ್ಬರನ್ನೊಬ್ಬರು ನೋಡುವುದಿಲ್ಲ, ಕೊಟ್ಟವರನ್ನೂ ನೋಡುವುದಿಲ್ಲ.

ಥಲಸ್ಸೇಮಿಯಾ ಇರುವ ಮಕ್ಕಳನ್ನು ನೋಡಿದಾಗ ನನಗೆ ಇದರ ಆಳ ತಿಳಿಯಿತು. ಅವರ ದೇಹ ಸಾಕಷ್ಟು ಒಳ್ಳೆಯ ಕೆಂಪುಕಣ ಮಾಡಿಕೊಳ್ಳಲಾರದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ಜೀವನಪೂರ್ತಿ. ಮೂರು ವಾರಕ್ಕೊಮ್ಮೆ ಎಂದರೂ ವರ್ಷಕ್ಕೆ ಹದಿನೇಳು ಸಲ. ಒಂದು ವಾರ್ಡಿನಲ್ಲಿ ಹುಡುಗಿಯೊಬ್ಬಳು ಎಡಗೈಗೆ ಸೂಜಿ ಹಾಕಿಸಿಕೊಂಡು ಬಲಗೈಯಲ್ಲಿ ಮಗ್ಗಿ ಬರೆಯುತ್ತಿದ್ದಳು. ಹನ್ನೆರಡರ ಮಗ್ಗಿ. ಮೇಲೆ ಚೀಲದಿಂದ ಹನಿ ಇಳಿಯುತ್ತಿತ್ತು, ಅವಳ ಗಮನ ಪೂರ್ತಿ ಪುಸ್ತಕದ ಮೇಲೆ. ಅವಳು ಶಾಲೆಗೆ ಹೋಗುವುದು, ಓಡುವುದು, ತಮ್ಮನ ಜೊತೆ ಜಗಳಾಡುವುದು ಎಲ್ಲವೂ ಊರೂರಿನ ಅಪರಿಚಿತರ ರಕ್ತದ ಬಲದಿಂದ. ಅವರೆಲ್ಲರಿಗೂ ಥ್ಯಾಂಕ್ಸ್ ಹೇಳು ಎಂದು ಆ ಮಗುವಿಗೆ ಹೇಳಲು ಯಾರಿಗೆ ಅಧಿಕಾರವಿದೆ? ಅವಳು ಮಗ್ಗಿ ಬರೆಯಬೇಕು, ಅಷ್ಟೇ.

ರಕ್ತವನ್ನು ಮಾರುತ್ತಿದ್ದ ಕಾಲವೂ ನಮ್ಮಲ್ಲಿತ್ತು. ಆಸ್ಪತ್ರೆಗಳ ಸುತ್ತ ದಲ್ಲಾಳಿಗಳು, ಕೂಲಿ ಸಿಗದ ದಿನ ತೋಳು ಚಾಚುವ ಬಡವರು. ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪಿನಿಂದ 1998ರ ಜನವರಿ 1ರ ಹೊತ್ತಿಗೆ ದುಡ್ಡಿಗೆ ರಕ್ತ ಕೊಡುವುದು ನಿಷೇಧವಾಯಿತು. ಅದಕ್ಕೂ ಎಷ್ಟೋ ಮೊದಲು, 1970ರಲ್ಲಿ, ರಿಚರ್ಡ್ ಟಿಟ್ಮಸ್ ಎಂಬ ಬ್ರಿಟಿಷ್ ವಿದ್ವಾಂಸರು ಇದರ ಮೇಲೆ ಒಂದು ಪುಸ್ತಕವನ್ನೇ ಬರೆದು, ಮಾರುವವನು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಾನೆ, ಸುಮ್ಮನೆ ಕೊಡುವವನಿಗೆ ಮುಚ್ಚಿಡುವ ಕಾರಣವಿಲ್ಲ, ಆದ್ದರಿಂದ ದಾನದ ರಕ್ತವೇ ಹೆಚ್ಚು ಸುರಕ್ಷಿತ ಎಂದು ವಾದಿಸಿದ್ದರು. ಮಾರಾಟ ನಿಂತರೂ ಇನ್ನೊಂದು ಪದ್ಧತಿ ಪೂರ್ತಿ ಹೋಗಿಲ್ಲ. “ಒಂದು ಬಾಟಲಿ ಬೇಕಾದರೆ ನಿಮ್ಮ ಕಡೆಯವರಿಂದ ಒಂದು ಬಾಟಲಿ ಕೊಡಿಸಿ” ಎನ್ನುವುದು. ರಕ್ತನಿಧಿಯವರ ಕಷ್ಟ ನನಗೆ ಅರ್ಥವಾಗುತ್ತದೆ, ಖಾಲಿ ಫ್ರಿಜ್ ಇಟ್ಟುಕೊಂಡು ಅವರಾದರೂ ಏನು ಮಾಡಿಯಾರು. ಆದರೆ ದೂರದ ಊರಿಂದ ಒಬ್ಬಳೇ ಬಂದ ಹೆಂಗಸು ಆ ಹೊತ್ತಿನಲ್ಲಿ ಯಾರನ್ನು ಕರೆತರಬೇಕು? ಸೋದರಮಾವನನ್ನು ಬೇಡಿ ಕರೆತಂದರೆ ಆ ರಕ್ತಕ್ಕೂ ಮಂಗಳವಾರದ ಮನೆಯ ಹಂಗು ಹತ್ತಿಕೊಳ್ಳುತ್ತದೆ. ಜನ ತಾವಾಗಿ ಬಂದು ಮೊದಲೇ ಕೊಟ್ಟಿಟ್ಟರೆ ಆ ಹೆಂಗಸು ಯಾರ ಕಾಲೂ ಹಿಡಿಯಬೇಕಾಗಿಲ್ಲ.

ಕೆಲವರು ಪಡೆದದ್ದನ್ನು ಹೇಗೆ ನೆನೆಯುತ್ತಾರೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅವರನ್ನು ನಾನು ಮರೆಯಲಾರೆ. ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ಯಾರ್ಯಾರದೋ ರಕ್ತದಿಂದ ಬದುಕಿಕೊಂಡ ಹುಡುಗ. ತಾನೂ ಕೊಡುತ್ತೇನೆ ಎಂದು ಆಗಲೇ ನಿಶ್ಚಯಿಸಿ, ಹದಿನೆಂಟು ತುಂಬಿದಾಗ ಶುರುಮಾಡಿ, 2018ರಲ್ಲಿ ಎಂಬತ್ತೊಂದನೇ ವಯಸ್ಸಿಗೆ ನಿಯಮ ತಡೆಯುವವರೆಗೆ 1,173 ಸಲ ಕೊಟ್ಟರು. ಸೂಜಿಯೆಂದರೆ ಭಯ, ಒಂದು ಸಲವೂ ಚುಚ್ಚುವುದನ್ನು ನೋಡಲಿಲ್ಲವಂತೆ. ಅವರ ರಕ್ತದಲ್ಲಿ ಅಪರೂಪದ ಒಂದು ಪ್ರತಿಕಾಯ ಇತ್ತು. ಆರ್‌ಎಚ್ ನೆಗೆಟಿವ್ ತಾಯಂದಿರ ಮಕ್ಕಳನ್ನು ಉಳಿಸುವ ಆಂಟಿ-ಡಿ ಔಷಧ ಅದರಿಂದಲೇ ತಯಾರಾಗುತ್ತಿತ್ತು. ಹಾಗೆ ಲಕ್ಷಗಟ್ಟಲೆ ಮಕ್ಕಳನ್ನು ಕಾಪಾಡಿ ಅವರು 2025ರಲ್ಲಿ ತೀರಿಕೊಂಡರು. ಅಷ್ಟು ದೂರ ಯಾಕೆ, ನಮ್ಮ ದಾವಣಗೆರೆಯ ರಕ್ತವೇ ಸಮುದ್ರ ದಾಟಿದೆ. 1952ರಲ್ಲಿ ಮುಂಬಯಿಯ ವೈದ್ಯರು ಗುರುತಿಸಿದ ‘ಬಾಂಬೆ’ ಎಂಬ ಬಲು ವಿರಳ ಗುಂಪಿನವರಿಗೆ ಅದೇ ಗುಂಪಿನ ರಕ್ತ ಬಿಟ್ಟು ಬೇರೇನೂ ಹಿಡಿಸದು. 2018ರಲ್ಲಿ ಮ್ಯಾನ್ಮಾರ್‌ನ ಯಾಂಗೋನ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಕಾದಿದ್ದ ಹೆಣ್ಣುಮಗಳೊಬ್ಬಳಿಗೆ ಆ ರಕ್ತ ಸಿಕ್ಕಿದ್ದು ದಾವಣಗೆರೆಯಿಂದ.

ನಾನು ಮೊದಲ ಸಲ ಕೊಡಲು ಹೋದದ್ದು ಒಂದು ಹೈಸ್ಕೂಲಿನ ಸಭಾಂಗಣದ ಶಿಬಿರಕ್ಕೆ. ಬೆರಳ ತುದಿ ಚುಚ್ಚಿ, ಒಂದು ಹನಿಯನ್ನು ನೀಲಿ ದ್ರವದ ಲೋಟಕ್ಕೆ ಬಿಟ್ಟರು. “ಮುಳುಗಿದರೆ ರಕ್ತ ಗಟ್ಟಿ ಇದೆ, ತೇಲಿದರೆ ವಾಪಸ್” ಎಂದರು ಅಲ್ಲಿ ಕೂತಿದ್ದ ಹೆಂಗಸು. ಆ ನೀಲಿ ಏನೆಂದು ಕೇಳಿದರೆ, ಮೈಲುತುತ್ತ! ಮಳೆಗಾಲದಲ್ಲಿ ನಮ್ಮ ತೋಟದ ಅಡಿಕೆಗೆ ಕೊಳೆ ಬಾರದಿರಲೆಂದು ಸುಣ್ಣದ ಜೊತೆ ಕಲೆಸಿ ಹೊಡೆಯುವ ಅದೇ ಮೈಲುತುತ್ತ. ಕೆಂಪು ಹನಿ ಗುಂಡಗೆ ಒಂದು ಕ್ಷಣ ನಿಂತು, ನೆಟ್ಟಗೆ ತಳಕ್ಕಿಳಿಯಿತು. ಮಂಚದಲ್ಲಿ ಮಲಗಿ ಮುಷ್ಟಿ ಬಿಗಿದು ಬಿಡುತ್ತ ಹತ್ತು ನಿಮಿಷ ಕಳೆಯುವುದರೊಳಗೆ 350 ಮಿಲಿಲೀಟರ್ ತುಂಬಿತ್ತು. ನನ್ನ ಪಕ್ಕದ ಮಂಚದಲ್ಲಿ ಎಪಿಎಂಸಿ ಯಾರ್ಡಿನ ಹಮಾಲರೊಬ್ಬರಿದ್ದರು. ಹೆಗಲ ಮೇಲಿನ ಟವೆಲ್ಲನ್ನು ಮಡಚಿ ತಲೆದಿಂಬು ಮಾಡಿಕೊಂಡಿದ್ದರು. ಕೊಟ್ಟಾದ ಮೇಲೆ ಬಿಸ್ಕತ್ತು, ಹಣ್ಣಿನ ರಸ ತೆಗೆದುಕೊಂಡರು, ಪ್ರಮಾಣಪತ್ರಕ್ಕೆ ಮಾತ್ರ, “ಅದೆಲ್ಲ ಇರಲಿ ಬಿಡಿ, ಇಡೋಕೆ ಜಾಗ ಇಲ್ಲ. ಇವತ್ತು ಭಾರದ ಚೀಲ ಎತ್ತಬಾರದಾ, ಅಷ್ಟು ಹೇಳಿ” ಎಂದರು. ಎತ್ತಬೇಡಿ ಎಂದಾಗ, ಒಂದು ದಿನದ ಕೂಲಿ ಹೋಯಿತೆಂಬ ಬೇಸರದ ಸುಳಿವೂ ಇಲ್ಲದೆ ಚಪ್ಪಲಿ ಮೆಟ್ಟಿ ನಡೆದರು. ಅವರ ಗುಂಪು ಯಾವುದೆಂದು ನಾನು ಕೇಳಲಿಲ್ಲ.

ಹದಿನೆಂಟರಿಂದ ಅರವತ್ತೈದರ ಒಳಗಿನವರು, ಕನಿಷ್ಠ 45 ಕಿಲೋ ತೂಕ ಇರುವವರು, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದವರು, ಆರೋಗ್ಯವಾಗಿರುವವರು ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಏಪ್ರಿಲ್, ಮೇ ಬಂದರೆ ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆ. ಹೆರಿಗೆಗೂ ಅಪಘಾತಕ್ಕೂ ರಜೆಯಿಲ್ಲ, ಮಗ್ಗಿ ಬರೆಯುವ ಆ ಹುಡುಗಿಯ ಮೂರು ವಾರವೂ ನಿಲ್ಲುವುದಿಲ್ಲ. ಈ ಬೇಸಗೆಯಲ್ಲಿ ಒಂದು ಬೆಳಗ್ಗೆ ತಿಂಡಿ ತಿಂದು, ಎರಡು ಲೋಟ ನೀರು ಕುಡಿದು ನಿಮ್ಮೂರಿನ ರಕ್ತನಿಧಿಗೆ ಹೋಗಿ ಬನ್ನಿ. ಯಾರಿಗಾಗಿ ಎಂದು ಅಲ್ಲಿ ಕೇಳಿದರೆ, ಯಾರಿಗೆ ಬೇಕೋ ಅವರಿಗೆ ಎನ್ನಿ.